ತೂಕ ಇಳಿಸುವ ಆಪರೇಷನ್: ಊರಿಗೆ ಮರಳಿದ ಮೇಲೆ ಏನು ತಿನ್ನಬೇಕು, ಏನನ್ನು ಮರೆಯಬಾರದು?

ಸಂಕ್ಷಿಪ್ತವಾಗಿ

- ತೂಕ ಇಳಿಸುವ ಆಪರೇಷನ್ (ಬ್ಯಾರಿಯಾಟ್ರಿಕ್ ಶಸ್ತ್ರಚಿಕಿತ್ಸೆ) ಬೇರೆ, ಕೊಬ್ಬು ಹೀರಿ ತೆಗೆಯುವ ಲೈಪೋಸಕ್ಷನ್ ಬೇರೆ.
- ಆಪರೇಷನ್ ಒಂದು ದಿನದ ಕೆಲಸ. ಊಟದ ಕ್ರಮ, ವಿಟಮಿನ್ ಮಾತ್ರೆ ಮತ್ತು ರಕ್ತಪರೀಕ್ಷೆ ಜೀವನಪೂರ್ತಿ ಇರುತ್ತವೆ.
- ಆಪರೇಷನ್ ಆದವರಿಗೆ ವಾಂತಿ ನಿಲ್ಲದಿದ್ದರೆ ಬರೀ ಗ್ಲೂಕೋಸ್ ಬಾಟಲಿ ಹಾಕಿಸಿಕೊಂಡು ಸುಮ್ಮನಾಗಬಾರದು. ಇದು ಈ ಲೇಖನದ ಮುಖ್ಯ ಮಾತು.

"ಹೊಟ್ಟೆನೇ ಕತ್ತರಿಸಿ ಚಿಕ್ಕದು ಮಾಡ್ತಾರೆ, ಆಮೇಲೆ ಪಥ್ಯ ಏನೂ ಬೇಡ." "ಆ ಆಪರೇಷನ್ ಮಾಡಿಸಿಕೊಂಡವರು ಬಹಳ ದಿನ ಬದುಕಲ್ಲ." ತೂಕ ಇಳಿಸುವ ಶಸ್ತ್ರಚಿಕಿತ್ಸೆಯ ಬಗ್ಗೆ ಮೊಬೈಲಿನಲ್ಲಿ ಓಡಾಡುವ ಮಾತುಗಳು ಹೆಚ್ಚಾಗಿ ಈ ಎರಡು ಬಗೆಯವು. ಒಂದು ಆಸೆ ಹುಟ್ಟಿಸುತ್ತದೆ, ಇನ್ನೊಂದು ಹೆದರಿಸುತ್ತದೆ. ಎರಡೂ ತಪ್ಪು.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕ ಮಹಿಳೆಯರು ಮತ್ತು ಪುರುಷರಲ್ಲಿ ಶೇಕಡಾ 30ರಷ್ಟು ಮಂದಿಗೆ ಅಧಿಕ ತೂಕ ಅಥವಾ ಬೊಜ್ಜು ಇದೆ. ಇದು ಬೆಂಗಳೂರಿಗೆ ಮಾತ್ರ ಸೇರಿದ ಸಮಸ್ಯೆಯಲ್ಲ. ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನಂಥ ತಾಲ್ಲೂಕುಗಳಿಂದ ದೊಡ್ಡ ಊರಿಗೆ ಹೋಗಿ ಈ ಆಪರೇಷನ್ ಮಾಡಿಸಿಕೊಂಡು ಬರುವವರಿಗೆ ನಿಜವಾದ ಪರೀಕ್ಷೆ ಮನೆಗೆ ಮರಳಿದ ಮೇಲೆ ಶುರುವಾಗುತ್ತದೆ. ಸರ್ಜನ್ ಇನ್ನೂರು ಕಿಲೋಮೀಟರಿಗಿಂತ ದೂರ ಇರಬಹುದು, ಮುದ್ದೆ ಮಾತ್ರ ತಟ್ಟೆಯಲ್ಲೇ ಇರುತ್ತದೆ. ಆದ್ದರಿಂದ ಈ ನಾಲ್ಕು ತಾಲ್ಲೂಕುಗಳ ಊಟ, ಕೆಲಸ, ಆಸ್ಪತ್ರೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ನಾವು ಇದನ್ನು ಬರೆದಿದ್ದೇವೆ.

ಇದು ಯಾವ ಆಪರೇಷನ್? ಯಾವುದು ಅಲ್ಲ?

2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕಿರುತೆರೆ ನಟಿ ಚೇತನಾ ರಾಜ್ ತೀರಿಕೊಂಡಾಗ "ತೂಕ ಇಳಿಸುವ ಆಪರೇಷನ್‌ಗೆ ನಟಿ ಬಲಿ" ಎಂಬಂಥ ಮಾತು ಎಲ್ಲೆಡೆ ಹರಿದಾಡಿತು. ಅವರು ಹೋಗಿದ್ದು ಕೊಬ್ಬು ತೆಗೆಸುವ ಸೌಂದರ್ಯ ಶಸ್ತ್ರಚಿಕಿತ್ಸೆಗೆ. ಅದರಲ್ಲಿ ಚರ್ಮದ ಕೆಳಗಿನ ಕೊಬ್ಬನ್ನು ತೆಗೆಯುತ್ತಾರೆ, ಜಠರ ಮತ್ತು ಕರುಳನ್ನು ಮುಟ್ಟುವುದಿಲ್ಲ. ಅದು ಬೊಜ್ಜಿಗೆ ಚಿಕಿತ್ಸೆಯೂ ಅಲ್ಲ, ಸಕ್ಕರೆ ಕಾಯಿಲೆಗೆ ಪರಿಹಾರವೂ ಅಲ್ಲ.

ಬ್ಯಾರಿಯಾಟ್ರಿಕ್ ಶಸ್ತ್ರಚಿಕಿತ್ಸೆ ಜಠರ ಮತ್ತು ಕರುಳಿನ ಮೇಲೆ ನಡೆಯುತ್ತದೆ. ಸಾಮಾನ್ಯವಾಗಿ ಸಣ್ಣ ರಂಧ್ರಗಳ ಮೂಲಕ, ಅಂದರೆ ಲ್ಯಾಪರೋಸ್ಕೋಪಿಯಲ್ಲಿ ಮಾಡುತ್ತಾರೆ. ಹೆಚ್ಚು ಬಳಕೆಯಲ್ಲಿರುವುದು ಎರಡು ವಿಧ.

- ಸ್ಲೀವ್: ಜಠರದ ಸುಮಾರು ಶೇಕಡಾ 75–80 ಭಾಗವನ್ನು ಉದ್ದಕ್ಕೆ ಕತ್ತರಿಸಿ ತೆಗೆದು, ಬಾಳೆಕಾಯಿ ಆಕಾರದ ಕೊಳವೆಯನ್ನು ಉಳಿಸುತ್ತಾರೆ. ಹಸಿವು ಹುಟ್ಟಿಸುವ ಗ್ರೆಲಿನ್ ಹಾರ್ಮೋನ್ ಹೆಚ್ಚಾಗಿ ತಯಾರಾಗುವುದು ತೆಗೆದುಹಾಕಿದ ಭಾಗದಲ್ಲಿ. ಹಾಗಾಗಿ ಹಸಿವೂ ತಗ್ಗುತ್ತದೆ.
- ಬೈಪಾಸ್: ಜಠರದ ಮೇಲ್ಭಾಗದಲ್ಲಿ ಸುಮಾರು 30 ಮಿ.ಲೀ. ಹಿಡಿಯುವ ಪುಟ್ಟ ಚೀಲ ಮಾಡಿ ಅದನ್ನು ನೇರವಾಗಿ ಸಣ್ಣ ಕರುಳಿಗೆ ಜೋಡಿಸುತ್ತಾರೆ. ಉಳಿದ ಜಠರ ದೇಹದೊಳಗೇ ಇರುತ್ತದೆ, ಆದರೆ ಊಟ ಆ ದಾರಿಯಲ್ಲಿ ಹೋಗುವುದಿಲ್ಲ.

ಹಾಗೆಂದು ಇದರಲ್ಲಿ ಅಪಾಯವೇ ಇಲ್ಲ ಎನ್ನಲಾಗದು. ಆಪರೇಷನ್ ಆದ ಒಂದು ತಿಂಗಳೊಳಗೆ ಸಾವಿನ ಪ್ರಮಾಣ ಒಳ್ಳೆಯ ಕೇಂದ್ರಗಳಲ್ಲಿ ಸಾವಿರಕ್ಕೆ ಒಂದರಿಂದ ಮೂರರಷ್ಟು. 2024ರ ಏಪ್ರಿಲ್‌ನಲ್ಲಿ ಚೆನ್ನೈನಲ್ಲಿ ಇದೇ ಶಸ್ತ್ರಚಿಕಿತ್ಸೆಗೆ ಹೋಗಿದ್ದ ಯುವಕನೊಬ್ಬ ಮೃತಪಟ್ಟು, ತಮಿಳುನಾಡು ಸರ್ಕಾರ ತನಿಖೆಗೆ ಮುಂದಾಯಿತು.

ಇನ್ನೊಂದು ಕಡೆಯ ಲೆಕ್ಕವನ್ನೂ ನೋಡಬೇಕು. 1987ರಲ್ಲಿ ಶುರುವಾದ ಸ್ವೀಡನ್‌ನ ದೊಡ್ಡ ಅಧ್ಯಯನವೊಂದು ಆಪರೇಷನ್ ಆದ 2,010 ಮಂದಿಯನ್ನೂ, ಅಷ್ಟೇ ಬೊಜ್ಜಿದ್ದು ಆಪರೇಷನ್ ಮಾಡಿಸದ 2,037 ಮಂದಿಯನ್ನೂ ಹೋಲಿಸಿತು. ಸರಾಸರಿ 11 ವರ್ಷಗಳಲ್ಲಿ ಮೊದಲ ಗುಂಪಿನಲ್ಲಿ 101, ಎರಡನೆಯ ಗುಂಪಿನಲ್ಲಿ 129 ಸಾವುಗಳಾದವು. ಅಂದರೆ "ಬಹಳ ದಿನ ಬದುಕಲ್ಲ" ಎಂಬ ಮಾತಿಗೆ ಆಧಾರವಿಲ್ಲ.

ಯಾರಿಗೆ ಈ ಆಪರೇಷನ್?

ಮದುವೆಗೆ ಮುಂಚೆ ಐದಾರು ಕೆ.ಜಿ. ಇಳಿಸಬೇಕು ಎನ್ನುವವರಿಗಲ್ಲ. ವೈದ್ಯರು ಬಿ.ಎಂ.ಐ. ನೋಡುತ್ತಾರೆ. ತೂಕವನ್ನು (ಕೆ.ಜಿ.ಯಲ್ಲಿ) ಎತ್ತರದಿಂದ (ಮೀಟರಿನಲ್ಲಿ) ಎರಡು ಸಲ ಭಾಗಿಸಿದರೆ ಅದು ಸಿಗುತ್ತದೆ. ಭಾರತೀಯರಿಗೆ ಬಹಳ ಕಾಲದಿಂದ ಬಳಕೆಯಲ್ಲಿರುವ ಮಿತಿ ಹೀಗಿದೆ: ಬೇರೆ ಕಾಯಿಲೆ ಇಲ್ಲದಿದ್ದರೆ 37.5, ಸಕ್ಕರೆ ಕಾಯಿಲೆ ಅಥವಾ ನಿದ್ದೆಯಲ್ಲಿ ಉಸಿರು ಕಟ್ಟುವಂಥ ತೊಂದರೆ ಇದ್ದರೆ 32.5. ಐದು ಅಡಿ ಮೂರಿಂಚು (160 ಸೆಂ.ಮೀ.) ಎತ್ತರದವರಿಗೆ ಇದು ಸುಮಾರು 96 ಕೆ.ಜಿ. ಮತ್ತು 83 ಕೆ.ಜಿ. ಆಗುತ್ತದೆ. 2022ರಲ್ಲಿ ಈ ಕ್ಷೇತ್ರದ ಅಂತಾರಾಷ್ಟ್ರೀಯ ಸಂಘಗಳು ಏಷ್ಯಾದವರಿಗೆ 27.5ರಿಂದಲೇ ಆಪರೇಷನ್ ಪರಿಗಣಿಸಬಹುದು ಎಂದಿವೆ. ಪರಿಗಣಿಸಬಹುದು ಎಂದರೆ ಮಾಡಲೇಬೇಕು ಎಂದಲ್ಲ. ಊಟ, ವ್ಯಾಯಾಮ, ಔಷಧಿಗಳನ್ನು ಮೊದಲು ಸರಿಯಾಗಿ ಪ್ರಯತ್ನಿಸಿರಬೇಕು.

ದಿನ ಗೊತ್ತು ಮಾಡುವ ಮುನ್ನ

ಕೆಲಸದ ಕಾಲ ನೋಡಿ. ಕುರ್ಚಿಯಲ್ಲಿ ಕೂತು ಮಾಡುವ ಕೆಲಸಕ್ಕೆ ಸಾಮಾನ್ಯವಾಗಿ ಎರಡು ಮೂರು ವಾರದಲ್ಲಿ ಮರಳಬಹುದು. ಆದರೆ ನಾಲ್ಕರಿಂದ ಆರು ವಾರ ಭಾರ ಎತ್ತುವಂತಿಲ್ಲ. ಚನ್ನಗಿರಿಯ ಅಡಿಕೆ ತೋಟದವರು ಕೊಯ್ಲಿನ ಕಾಲದಲ್ಲಿ, ಹೊನ್ನಾಳಿ, ನ್ಯಾಮತಿಯ ಭತ್ತದವರು ಒಕ್ಕಣೆಯ ಹೊತ್ತಿಗೆ, ಜಗಳೂರಿನ ಮೆಕ್ಕೆಜೋಳದವರು ಚೀಲ ತುಂಬುವ ದಿನಗಳಲ್ಲಿ ಆಪರೇಷನ್ ಇಟ್ಟುಕೊಂಡರೆ "ಒಂದು ಚೀಲ ತಾನೆ" ಎಂದು ಎತ್ತಿಬಿಡುವ ಸಂಭವ ಹೆಚ್ಚು. ಮನೆಯಲ್ಲಿ ಬಿಂದಿಗೆ, ಸಿಲಿಂಡರ್ ಎತ್ತುವ ಹೆಂಗಸರಿಗೂ ಇದೇ ನಿಯಮ. ಆ ಕೆಲಸ ಯಾರು ಮಾಡುತ್ತಾರೆ ಎಂಬುದು ಮೊದಲೇ ತೀರ್ಮಾನವಾಗಲಿ.

ತಂಬಾಕು ಬಿಡಿ. ಬೀಡಿ, ಸಿಗರೇಟು, ಗುಟ್ಕಾ, ಎಲೆ ಅಡಿಕೆಯ ಜೊತೆಗಿನ ಹೊಗೆಸೊಪ್ಪು, ಎಲ್ಲವೂ ಸೇರಿತು. ತಂಬಾಕಿನಿಂದ ಗಾಯ ಮಾಯುವುದು ತಡವಾಗುತ್ತದೆ, ಬೈಪಾಸ್ ಆದವರಲ್ಲಿ ಜೋಡಣೆಯ ಜಾಗದಲ್ಲಿ ಹುಣ್ಣಾಗುವ ಅಪಾಯ ಹೆಚ್ಚುತ್ತದೆ. ಆಪರೇಷನ್‌ಗೆ ಕೆಲವು ವಾರ ಮೊದಲೇ ಬಿಟ್ಟು, ಮತ್ತೆ ಮುಟ್ಟಬಾರದು.

ಹಣದ ಲೆಕ್ಕ. ಖಾಸಗಿ ಆರೋಗ್ಯ ವಿಮೆಯಲ್ಲಿ ಬೊಜ್ಜಿನ ಶಸ್ತ್ರಚಿಕಿತ್ಸೆಗೆ ಹಣ ಸಿಗಬೇಕಾದರೆ ವಿಮಾ ನಿಯಂತ್ರಣ ಪ್ರಾಧಿಕಾರದ ಪ್ರಮಾಣಿತ ನಿಯಮದಂತೆ ವೈದ್ಯರ ಸಲಹೆ ಇರಬೇಕು, ವಯಸ್ಸು 18 ದಾಟಿರಬೇಕು, ಬಿ.ಎಂ.ಐ. 40 ಇರಬೇಕು. ಹತೋಟಿಗೆ ಬಾರದ ಮಧುಮೇಹ, ಹೃದ್ರೋಗ, ತೀವ್ರ ಉಸಿರುಕಟ್ಟುವಿಕೆಯಂಥ ಕಾಯಿಲೆ ಇದ್ದರೆ 35 ಸಾಕು. ವೈದ್ಯರ ಮಿತಿಗಿಂತ ವಿಮೆಯ ಮಿತಿ ಮೇಲಿದೆ ಎಂಬುದನ್ನು ಗಮನಿಸಿ. "ಡಾಕ್ಟರು ಆಗಬಹುದು ಅಂದರು" ಎಂದ ಮಾತ್ರಕ್ಕೆ ವಿಮೆಯೂ ಒಪ್ಪುತ್ತದೆ ಎಂದಲ್ಲ. ಬಿಪಿಎಲ್ ಕಾರ್ಡ್ ಇರುವವರು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಮೊದಲೇ ಕೇಳಿ. ಆಪರೇಷನ್ ಖರ್ಚಿನ ಜೊತೆಗೆ ಪ್ರತಿ ತಿಂಗಳ ವಿಟಮಿನ್ ಮಾತ್ರೆ, ಪ್ರೋಟೀನ್, ರಕ್ತಪರೀಕ್ಷೆಯ ಖರ್ಚನ್ನೂ ಕೂಡಿಸಿ. ಅದನ್ನು ವರ್ಷಗಟ್ಟಲೆ ಭರಿಸಲು ಆಗದು ಎನಿಸಿದರೆ ಸರ್ಜನ್‌ಗೆ ಮುಚ್ಚುಮರೆಯಿಲ್ಲದೆ ಹೇಳಿ.

ಆಸ್ಪತ್ರೆಯಲ್ಲಿ ಕೇಳಬೇಕಾದ ಪ್ರಶ್ನೆಗಳು: ಇಲ್ಲಿ ಐಸಿಯು ಇದೆಯೇ? ಈ ಆಪರೇಷನ್‌ಗಳನ್ನು ಎಷ್ಟು ಮಾಡಿದ್ದೀರಿ? ಊಟದ ಸಲಹೆ ಕೊಡುವ ಆಹಾರತಜ್ಞರು ಇದ್ದಾರೆಯೇ? ಊರಿಗೆ ಹೋದ ಮೇಲೆ ರಾತ್ರಿ ಹೊತ್ತು ತೊಂದರೆಯಾದರೆ ಯಾವ ನಂಬರಿಗೆ ಫೋನ್ ಮಾಡಬೇಕು?

ಮೊದಲ ಎಂಟು ವಾರ: ಏನು, ಯಾವಾಗ?

ಆಪರೇಷನ್‌ಗೆ ಎರಡು ವಾರ ಮೊದಲು ಅನ್ನ, ಸಿಹಿ, ಎಣ್ಣೆ ಕಡಿಮೆ ಮಾಡಿ ಪ್ರೋಟೀನ್ ಹೆಚ್ಚಿರುವ ಪಥ್ಯ ಕೊಡುವುದು ರೂಢಿ. ಇದರಿಂದ ಲಿವರ್ ಸ್ವಲ್ಪ ಕುಗ್ಗಿ, ಅದರ ಕೆಳಗಿರುವ ಜಠರ ಸರ್ಜನ್ ಕೈಗೆ ಸುಲಭವಾಗಿ ಸಿಗುತ್ತದೆ. ಆಮೇಲಿನ ಕ್ರಮ ಹೆಚ್ಚುಕಡಿಮೆ ಹೀಗಿರುತ್ತದೆ. ನಿಮ್ಮ ಆಸ್ಪತ್ರೆ ಕೊಟ್ಟ ಪಟ್ಟಿ ಬೇರೆ ಇದ್ದರೆ ಅದನ್ನೇ ಪಾಲಿಸಿ.

- ಮೊದಲ ಒಂದೆರಡು ದಿನ: ನೀರು, ಸೋಸಿದ ತಿಳಿ ಬೇಳೆಕಟ್ಟು. ಗುಟುಕು ಗುಟುಕಾಗಿ, ಔಷಧಿ ಕುಡಿಯುವ 30 ಮಿ.ಲೀ. ಮುಚ್ಚಳದ ಅಳತೆಯಲ್ಲಿ.
- ಎರಡು ವಾರದವರೆಗೆ: ಮಜ್ಜಿಗೆ, ಕೆನೆ ತೆಗೆದ ಹಾಲು, ಸೋಸಿದ ಬೇಳೆ ಸಾರು, ವೈದ್ಯರು ಹೇಳಿದ ಪ್ರೋಟೀನ್ ಪುಡಿ. ಖಾರ, ಹುಳಿ ಬೇಡ.
- 3–4ನೇ ವಾರ: ನುಣ್ಣಗೆ ಅರೆದದ್ದು. ಹೆಸರುಬೇಳೆ, ಮೊಸರು, ಮಿದ್ದ ಮೊಟ್ಟೆ.
- 5–6ನೇ ವಾರ: ಮೆತ್ತಗಿನದು. ಪನೀರ್, ಬೇಯಿಸಿದ ತರಕಾರಿ, ಸಾರಿನಲ್ಲಿ ನೆನೆದ ಅರ್ಧ ಇಡ್ಲಿ, ಮುಳ್ಳು ಬಿಡಿಸಿದ ಮೀನು. ಸೂಳೆಕೆರೆಯದಾಗಲಿ ತುಂಗಭದ್ರೆಯದಾಗಲಿ, ಕರಿದದ್ದು ಬೇಡ.
- 7–8ನೇ ವಾರದಿಂದ: ಮನೆಯವರ ಊಟವೇ, ಆದರೆ ಸಣ್ಣ ಬಟ್ಟಲಿನಲ್ಲಿ.

ಎಲ್ಲ ಹಂತಕ್ಕೂ ಮೂರು ನಿಯಮಗಳಿವೆ. ಒಂದು ಊಟಕ್ಕೆ 20–30 ನಿಮಿಷ ತೆಗೆದುಕೊಳ್ಳಿ. ಊಟದ ಜೊತೆ ನೀರು ಕುಡಿಯಬೇಡಿ, ಉಂಡು ಅರ್ಧ ಗಂಟೆಯ ನಂತರ ಕುಡಿಯಿರಿ. ದಿನಕ್ಕೆ ಒಂದೂವರೆ ಲೀಟರ್ ನೀರು ಗುಟುಕಾಗಿ ಒಳಗೆ ಹೋಗಬೇಕು. ಬಿಸಿಲು ಜೋರಿರುವ ಜಗಳೂರಿನ ಕಡೆ ಬೇಸಿಗೆಯಲ್ಲಿ ಇನ್ನೂ ಹೆಚ್ಚು ಬೇಕಾಗುತ್ತದೆ. ಆಪರೇಷನ್ ಆದವರು ಒಂದು ಚೊಂಬು ನೀರನ್ನು ಒಟ್ಟಿಗೆ ಕುಡಿಯಲಾರರು. ಆದ್ದರಿಂದ ಹೊಲಕ್ಕೆ ಹೋದಾಗಲೂ ಬಾಟಲಿ ಕೈಯಲ್ಲಿರಲಿ.

ಮುದ್ದೆ, ರೊಟ್ಟಿ, ಮಂಡಕ್ಕಿ, ಬೆಣ್ಣೆ ದೋಸೆ

ಮುದ್ದೆಯನ್ನು ಅಗಿಯಬಾರದು, ನುಂಗಬೇಕು ಎಂದು ನಮಗೆಲ್ಲ ಚಿಕ್ಕಂದಿನಲ್ಲೇ ಕಲಿಸಿದ್ದಾರೆ. ಆಪರೇಷನ್ ಆದವರಿಗೆ ಅಪಾಯ ಇರುವುದು ಅಲ್ಲೇ. ನುಂಗಿದ ಗಟ್ಟಿ ತುತ್ತು ಕಿರಿದಾದ ಜಠರದ ಬಾಯಲ್ಲಿ ಸಿಕ್ಕಿಕೊಂಡು ಎದೆ ಒತ್ತಿದಂತಾಗಿ ವಾಂತಿಯಾಗುತ್ತದೆ. ಮೊದಲ ತಿಂಗಳುಗಳಲ್ಲಿ ಮುದ್ದೆ ಬೇಡ. ಆಮೇಲೂ ಮೆತ್ತಗೆ ತೊಳಸಿದ ಮುದ್ದೆಯನ್ನು ಗೋಲಿಯಷ್ಟು ಮುರಿದು, ಬಾಯಲ್ಲಿ ಕರಗಿಸಿಯೇ ನುಂಗಬೇಕು. ಖಡಕ್ ಜೋಳದ ರೊಟ್ಟಿಯನ್ನು ಬೇಳೆಯಲ್ಲೋ ಹಾಲಲ್ಲೋ ನೆನೆಸಿ ತಿನ್ನಬಹುದು.

ಖಾರ ಮಂಡಕ್ಕಿ ಹಗುರ ಎಂದು ಹಲವರು ಆಪರೇಷನ್ ನಂತರ ಅದನ್ನೇ ನೆಚ್ಚಿಕೊಳ್ಳಬಹುದು. ಮಂಡಕ್ಕಿ ಎಂದರೆ ಅಕ್ಕಿಯೇ. ಹೊಟ್ಟೆಯಲ್ಲಿದ್ದ ಅಷ್ಟಿಷ್ಟು ಜಾಗವನ್ನು ಪ್ರೋಟೀನ್ ಇಲ್ಲದ ತಿಂಡಿ ತುಂಬಿಬಿಡುತ್ತದೆ. ಜೊತೆಗೆ ಬರುವ ಮೆಣಸಿನಕಾಯಿ ಬಜ್ಜಿ, ದಾವಣಗೆರೆಯ ಬೆಣ್ಣೆ ದೋಸೆ, ಬೆಲ್ಲದ ಪಾಯಸ, ಹೋಳಿಗೆ ಬೈಪಾಸ್ ಆದವರಿಗೆ ಇನ್ನೊಂದು ಕಾಟ ಕೊಡುತ್ತವೆ. ಸಿಹಿ, ಜಿಡ್ಡು ವೇಗವಾಗಿ ಕರುಳಿಗೆ ಇಳಿದು 10–30 ನಿಮಿಷದಲ್ಲಿ ಬೆವರು, ಎದೆಬಡಿತ, ತಲೆಸುತ್ತು, ಭೇದಿ ಆಗಬಹುದು. ಇದಕ್ಕೆ ಡಂಪಿಂಗ್ ಎನ್ನುತ್ತಾರೆ. ಕೆಲವರಿಗೆ ಒಂದರಿಂದ ಮೂರು ಗಂಟೆಯ ನಂತರ ಸಕ್ಕರೆ ತೀರಾ ಇಳಿದು ಕೈ ನಡುಗುತ್ತದೆ. ಬೆಲ್ಲ "ನೈಸರ್ಗಿಕ" ಎಂಬ ಕಾರಣಕ್ಕೆ ಇದರಿಂದ ವಿನಾಯಿತಿ ಇಲ್ಲ.

ಮದುವೆ ಮನೆ, ಊರ ಹಬ್ಬಗಳಲ್ಲಿ "ಇಷ್ಟೇನಾ ಉಣ್ಣೋದು? ಇನ್ನೊಂದು ಹಾಕಿಸ್ಕೊಳ್ರೀ" ಎನ್ನುವುದು ನಮ್ಮ ಪ್ರೀತಿ. ಆಪರೇಷನ್ ಆದವರ ಅತ್ತೆ, ಚಿಕ್ಕಮ್ಮ, ಅಣ್ಣ ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಮಾತು: ಒತ್ತಾಯ ಮಾಡಿ ಬಡಿಸಿದ ಒಂದು ಸೌಟು ಅವರಿಗೆ ವಾಂತಿಯಾಗಿ ಹೊರಬರುತ್ತದೆ. ಬಿಟ್ಟುಬಿಡಿ.

ಉಪವಾಸದ ವಿಷಯವೂ ಹೀಗೆಯೇ. ಸೋಮವಾರದ ಒಪ್ಪತ್ತು, ಶಿವರಾತ್ರಿ, ರಂಜಾನ್ ಉಪವಾಸಗಳನ್ನು ಮೊದಲ ವರ್ಷ ಕೈಬಿಡುವುದು ಒಳ್ಳೆಯದು. ಆಮೇಲೆ ವೈದ್ಯರನ್ನು ಕೇಳಿ ನಿರ್ಧರಿಸಿ.

ದಿನಕ್ಕೆ 60 ಗ್ರಾಂ ಪ್ರೋಟೀನ್ ಎಲ್ಲಿಂದ?

ದಿನಕ್ಕೆ 60–80 ಗ್ರಾಂ ಪ್ರೋಟೀನ್ ಬೇಕು. ಇಲ್ಲದಿದ್ದರೆ ದೇಹ ಕೊಬ್ಬಿನ ಜೊತೆ ಸ್ನಾಯುವನ್ನೂ ಕರಗಿಸುತ್ತದೆ. ಅಂದಾಜು ಲೆಕ್ಕ ಹೀಗಿದೆ: ಒಂದು ಮೊಟ್ಟೆಯಲ್ಲಿ 6 ಗ್ರಾಂ, ಒಂದು ಲೋಟ (200 ಮಿ.ಲೀ.) ಹಾಲಿನಲ್ಲಿ 6, ಒಂದು ಬಟ್ಟಲು ಗಟ್ಟಿ ಬೇಳೆಯಲ್ಲಿ 7, ಪನೀರ್ 50 ಗ್ರಾಂನಲ್ಲಿ 9, ಒಣ ಸೋಯಾ 25 ಗ್ರಾಂನಲ್ಲಿ 13, ಬೇಯಿಸಿದ ಕೋಳಿ 50 ಗ್ರಾಂನಲ್ಲಿ 13. ಸಸ್ಯಾಹಾರಿಗಳಿಗೆ ಮೊದಲ ತಿಂಗಳುಗಳಲ್ಲಿ ಪ್ರೋಟೀನ್ ಪುಡಿ ಇಲ್ಲದೆ ಈ ಗುರಿ ಮುಟ್ಟುವುದು ಕಷ್ಟ. ತಟ್ಟೆಯಲ್ಲಿ ಮೊದಲು ಬೇಳೆ, ಮೊಟ್ಟೆ, ಮೊಸರು ತಿನ್ನಿ. ಅನ್ನ, ರೊಟ್ಟಿ ಕೊನೆಗೆ.

"ರಾಗಿ ತಿಂದರೆ ಸಾಕು, ಕ್ಯಾಲ್ಸಿಯಂ ಮಾತ್ರೆ ಯಾಕೆ?"

ರಾಗಿಯಲ್ಲಿ ಕ್ಯಾಲ್ಸಿಯಂ ಚೆನ್ನಾಗಿದೆ, ನಿಜ. 100 ಗ್ರಾಂ ಹಿಟ್ಟಿನಲ್ಲಿ ಸುಮಾರು 350 ಮಿ.ಗ್ರಾಂ. ಆದರೆ ಆಪರೇಷನ್ ಆದವರಿಗೆ ದಿನಕ್ಕೆ ಬೇಕಾದದ್ದು 1,200–1,500 ಮಿ.ಗ್ರಾಂ. ರಾಗಿಯಿಂದಲೇ ಪಡೆಯಬೇಕಾದರೆ ದಿನಕ್ಕೆ ಮುನ್ನೂರೈವತ್ತು ಗ್ರಾಂ ಹಿಟ್ಟು ಬೇಕು. ಕೊಳವೆಯಷ್ಟಾದ ಜಠರಕ್ಕೆ ಅದು ಸಾಧ್ಯವೇ ಇಲ್ಲ.

ಸಾಮಾನ್ಯವಾಗಿ ಬರೆದುಕೊಡುವುದು ಮಲ್ಟಿವಿಟಮಿನ್, ಕ್ಯಾಲ್ಸಿಯಂ ಸಿಟ್ರೇಟ್, ವಿಟಮಿನ್ ಡಿ, ಬಿ12 (ಮಾತ್ರೆ ಅಥವಾ ಇಂಜೆಕ್ಷನ್) ಮತ್ತು ಕಬ್ಬಿಣಾಂಶ. ಮುಟ್ಟಾಗುವ ಹೆಂಗಸರಿಗೆ ಕಬ್ಬಿಣಾಂಶ ಹೆಚ್ಚು ಬೇಕು. ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗಳ ನಡುವೆ ಎರಡು ಗಂಟೆ ಅಂತರವಿರಲಿ, ಒಂದು ಇನ್ನೊಂದನ್ನು ಹೀರಿಕೊಳ್ಳಲು ಬಿಡುವುದಿಲ್ಲ. ರಕ್ತಪರೀಕ್ಷೆ ಮೊದಲ ವರ್ಷ 3, 6, 12ನೇ ತಿಂಗಳಲ್ಲಿ, ಆಮೇಲೆ ವರ್ಷಕ್ಕೊಮ್ಮೆ. "ಆರಾಮಾಗಿದೀನಿ" ಎಂದು ಮಾತ್ರೆ ನಿಲ್ಲಿಸಿದವರಿಗೆ ರಕ್ತಹೀನತೆ, ಕೈಕಾಲು ಜೋಮು ಕೆಲವು ವರ್ಷಗಳ ನಂತರ ನಿಧಾನವಾಗಿ ಕಾಣಿಸಿಕೊಳ್ಳಬಹುದು.

ವಾಂತಿ ಮತ್ತು ಗ್ಲೂಕೋಸ್ ಬಾಟಲಿ

ಈ ಭಾಗವನ್ನು ದಯವಿಟ್ಟು ಬಿಡದೆ ಓದಿ.

ನಮ್ಮ ಊರುಗಳಲ್ಲಿ ಎರಡು ದಿನ ವಾಂತಿಯಾಗಿ ಸುಸ್ತಾದರೆ ಹತ್ತಿರದ ಕ್ಲಿನಿಕ್ಕಿಗೆ ಹೋಗಿ "ಒಂದು ಬಾಟ್ಲಿ ಹಾಕಿ" ಎನ್ನುವುದು ರೂಢಿ. ತೂಕ ಇಳಿಸುವ ಆಪರೇಷನ್ ಆದವರಿಗೆ ಇದೇ ಅಪಾಯ ತರಬಹುದು.

ಕಾರಣ ಥಯಮಿನ್, ಅಂದರೆ ವಿಟಮಿನ್ ಬಿ1. ದೇಹದಲ್ಲಿ ಇದರ ದಾಸ್ತಾನು ಎರಡು ಮೂರು ವಾರಕ್ಕೆ ಮಾತ್ರ ಸಾಕಾಗುತ್ತದೆ. ಊಟ ಕಡಿಮೆ, ಮೇಲಿಂದ ವಾಂತಿ ಎಂದರೆ ಅದು ಬೇಗ ಬರಿದಾಗುತ್ತದೆ. ಗ್ಲೂಕೋಸನ್ನು ಶಕ್ತಿಯಾಗಿ ಬಳಸಲು ದೇಹಕ್ಕೆ ಥಯಮಿನ್ ಬೇಕೇ ಬೇಕು. ಥಯಮಿನ್ ಬರಿದಾಗಿರುವಾಗ ಬರೀ ಗ್ಲೂಕೋಸ್ ಏರಿಸಿದರೆ ಉಳಿದಿದ್ದ ಚೂರೂ ಖರ್ಚಾಗಿ ಮಿದುಳಿಗೆ ಪೆಟ್ಟು ಬೀಳಬಹುದು. ಕಣ್ಣು ಅದುರುವುದು, ವಸ್ತುಗಳು ಎರಡಾಗಿ ಕಾಣುವುದು, ನಡೆಯುವಾಗ ತೂರಾಡುವುದು, ಮಾತಿನಲ್ಲಿ ಗೊಂದಲ ಇದರ ಗುರುತುಗಳು. ತಡವಾದರೆ ನೆನಪಿನ ಶಕ್ತಿ ಶಾಶ್ವತವಾಗಿ ಹೋಗಬಹುದು. ಸಮಯಕ್ಕೆ ಥಯಮಿನ್ ಇಂಜೆಕ್ಷನ್ ಸಿಕ್ಕರೆ ಇದನ್ನು ತಡೆಯಬಹುದು.

ಆದ್ದರಿಂದ ಕ್ಲಿನಿಕ್ಕಿಗೆ ಕಾಲಿಟ್ಟ ಕೂಡಲೇ ಹೇಳಿ: "ಡಾಕ್ಟ್ರೇ, ನನಗೆ ತೂಕ ಇಳಿಸುವ ಆಪರೇಷನ್ ಆಗಿದೆ. ಗ್ಲೂಕೋಸ್‌ಗೆ ಮೊದಲು ಥಯಮಿನ್ ಕೊಡಬೇಕೇ ನೋಡಿ." ಮಾತಾಡುವ ಸ್ಥಿತಿಯಲ್ಲಿ ಇರಲಾರದವರಿಗಾಗಿ ಮನೆಯವರಿಗೂ ಈ ಮಾತು ಗೊತ್ತಿರಲಿ. ನೀರೂ ನಿಲ್ಲದಷ್ಟು ವಾಂತಿ ಒಂದು ದಿನ ಮೀರಿದರೆ ನಿಮ್ಮ ಸರ್ಜನ್‌ಗೆ ಫೋನ್ ಮಾಡಿ.

ಕಾಯದೆ ಹೊರಡಬೇಕಾದ ಲಕ್ಷಣಗಳು

ಮೊದಲ ಕೆಲವು ವಾರಗಳಲ್ಲಿ ಇವು ಕಂಡರೆ ಮರುದಿನದ ಬಸ್ಸಿಗೆ ಕಾಯಬೇಡಿ:

- ಮಲಗಿದ್ದರೂ ನಾಡಿ ನಿಮಿಷಕ್ಕೆ 120 ದಾಟುವುದು
- ಜ್ವರ, ಹೆಚ್ಚುತ್ತಿರುವ ಹೊಟ್ಟೆನೋವು, ಎಡ ಭುಜಕ್ಕೆ ಹರಿಯುವ ನೋವು (ಹೊಲಿಗೆಯ ಜಾಗದಲ್ಲಿ ಸೋರಿಕೆ ಇರಬಹುದು)
- ಒಂದು ಮೀನಖಂಡ ಊದಿ ನೋಯುವುದು, ದಿಢೀರ್ ಉಸಿರಾಟದ ತೊಂದರೆ (ರಕ್ತ ಹೆಪ್ಪುಗಟ್ಟಿರಬಹುದು)
- ರಕ್ತವಾಂತಿ, ಟಾರಿನಂತೆ ಕಪ್ಪು ಮಲ

108ಕ್ಕೆ ಕರೆ ಮಾಡಿ. ಜಗಳೂರು, ಚನ್ನಗಿರಿಯವರಿಗೆ ದಾವಣಗೆರೆ, ಹೊನ್ನಾಳಿ, ನ್ಯಾಮತಿಯವರಿಗೆ ಶಿವಮೊಗ್ಗ ಅಥವಾ ದಾವಣಗೆರೆ, ಹೀಗೆ ಯಾವ ಕಡೆ ಹೋಗುವುದು ಎಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆ, ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗಳಲ್ಲಿ ತುರ್ತು ಚಿಕಿತ್ಸೆ ಸಿಗುತ್ತದೆ. ಬೆಂಗಳೂರಿನ ಸರ್ಜನ್ ಬಳಿಗೇ ಹೋಗಬೇಕೆಂದು ಸುಮಾರು 260 ಕಿ.ಮೀ. ದೂರ ಹೊರಡುವ ಮುನ್ನ ಹತ್ತಿರದಲ್ಲಿ ಪ್ರಾಣ ಸ್ಥಿರವಾಗಬೇಕು.

ಫಾರ್ವರ್ಡ್‌ನ ಮಾತು, ನಿಜಾಂಶ

"ಶುಗರ್ ಪೂರ್ತಿ ವಾಸಿಯಾಗುತ್ತದೆ." ಹಲವರಿಗೆ ಹತೋಟಿಗೆ ಬರುತ್ತದೆ, ಆದರೆ ಎಲ್ಲರಿಗೂ ಶಾಶ್ವತವಾಗಿ ಅಲ್ಲ. ಸ್ವೀಡನ್ ಅಧ್ಯಯನದಲ್ಲಿ ಎರಡು ವರ್ಷಕ್ಕೆ ಶೇಕಡಾ 72 ಮಧುಮೇಹಿಗಳಲ್ಲಿ ಕಾಯಿಲೆ ಮರೆಯಾಗಿತ್ತು, ಹತ್ತು ವರ್ಷಕ್ಕೆ ಅದು ಶೇಕಡಾ 36ಕ್ಕೆ ಇಳಿಯಿತು. ಇನ್ನೊಂದು ಎಚ್ಚರ: ಆಪರೇಷನ್ ನಂತರವೂ ಹಳೆಯ ಡೋಸಿನಲ್ಲೇ ಶುಗರ್ ಮಾತ್ರೆ ನುಂಗಿದರೆ ಸಕ್ಕರೆ ಅಪಾಯಕಾರಿಯಾಗಿ ಇಳಿಯಬಹುದು. ಡೋಸನ್ನು ವೈದ್ಯರೇ ಬದಲಿಸಬೇಕು.

"ಕೂದಲೆಲ್ಲ ಉದುರಿ ಬೋಳಾಗುತ್ತೆ." ಮೂರರಿಂದ ಆರನೇ ತಿಂಗಳಲ್ಲಿ ಕೂದಲು ಉದುರುವುದು ಸಾಮಾನ್ಯ. ಪ್ರೋಟೀನ್, ಕಬ್ಬಿಣಾಂಶ ಸರಿಯಿದ್ದರೆ ಮತ್ತೆ ಬೆಳೆಯುತ್ತದೆ.

"ಮಕ್ಕಳಾಗಲ್ಲ." ಇದು ಸುಳ್ಳು. ತೂಕ ಇಳಿದಂತೆ ಗರ್ಭ ನಿಲ್ಲುವ ಸಾಧ್ಯತೆ ಹೆಚ್ಚುತ್ತದೆ. ಆದರೆ ಮೊದಲ 12–18 ತಿಂಗಳು ಬಸಿರಾಗಬಾರದು. ಬೈಪಾಸ್ ಆದವರಲ್ಲಿ ನುಂಗುವ ಗರ್ಭನಿರೋಧಕ ಮಾತ್ರೆಯನ್ನು ಪೂರ್ತಿ ನಂಬಲಾಗದು. ಬೇರೆ ವಿಧಾನ ಕೇಳಿ.

"ಮೈಕೈ ನೋವಿಗೆ ಯಾವ ಮಾತ್ರೆಯಾದರೂ ನಡೆಯುತ್ತೆ." ಇಲ್ಲ. ಮೆಡಿಕಲ್ ಶಾಪಿನಲ್ಲಿ ಕೇಳಿ ಪಡೆಯುವ ಡೈಕ್ಲೋಫಿನ್ಯಾಕ್, ಐಬುಪ್ರೊಫೆನ್‌ನಂಥವು, ಮುಖ್ಯವಾಗಿ ಬೈಪಾಸ್ ಆದವರಲ್ಲಿ, ಹುಣ್ಣು ಮಾಡುತ್ತವೆ.

"ಒಮ್ಮೆ ಇಳಿದ ತೂಕ ಮತ್ತೆ ಬರಲ್ಲ." ಬರಬಹುದು. ಬೈಪಾಸ್ ಆದವರಲ್ಲಿ ಹತ್ತು ವರ್ಷದ ನಂತರ ಉಳಿದಿದ್ದ ಇಳಿಕೆ ಸರಾಸರಿ ಶೇಕಡಾ 25, ಅಂದರೆ 100 ಕೆ.ಜಿ. ಇದ್ದವರು ಸುಮಾರು 75. ಅದು ಸಣ್ಣ ಸಾಧನೆಯಲ್ಲ. ಆದರೆ ದಿನವಿಡೀ ಸ್ವಲ್ಪ ಸ್ವಲ್ಪ ಮಂಡಕ್ಕಿ, ಬಿಸ್ಕತ್ತು, ಸಿಹಿ ಚಹಾ ಸೇರಿದರೆ ಪುಟ್ಟ ಹೊಟ್ಟೆಯೂ ತೂಕ ಏರಿಸುತ್ತದೆ.

ಪರ್ಸಿನಲ್ಲಿ ಇಡಬೇಕಾದ ಚೀಟಿ

ಇದನ್ನು ಬರೆದು ಪರ್ಸಿನಲ್ಲಿಡಿ, ಫೋಟೋ ತೆಗೆದು ಮನೆಯವರ ಮೊಬೈಲಿಗೂ ಕಳುಹಿಸಿ:

"ನನಗೆ ತೂಕ ಇಳಿಸುವ ಶಸ್ತ್ರಚಿಕಿತ್ಸೆ ಆಗಿದೆ. ವಿಧ: ಸ್ಲೀವ್ / ಬೈಪಾಸ್. ದಿನಾಂಕ: ____. ಸರ್ಜನ್ ಫೋನ್: ____. ವಾಂತಿ ಇದ್ದರೆ ಗ್ಲೂಕೋಸ್‌ಗೆ ಮೊದಲು ಥಯಮಿನ್ ಪರಿಶೀಲಿಸಿ. ಡೈಕ್ಲೋಫಿನ್ಯಾಕ್ ಮಾದರಿಯ ನೋವಿನ ಮಾತ್ರೆ ಬೇಡ. ಈಗ ತೆಗೆದುಕೊಳ್ಳುತ್ತಿರುವ ಔಷಧಿಗಳು: ____."

ಈ ಆಪರೇಷನ್ ಮಾಡಿಸಿ ಎಂದೂ ನಾವು ಹೇಳುವುದಿಲ್ಲ, ಬೇಡ ಎಂದೂ ಹೇಳುವುದಿಲ್ಲ. ಅದು ನೀವು ಮತ್ತು ನಿಮ್ಮ ವೈದ್ಯರು ಕೂತು ತೀರ್ಮಾನಿಸಬೇಕಾದ ವಿಷಯ. ಆದರೆ ನಿಮ್ಮ ಪರಿಚಯದವರಲ್ಲಿ ಯಾರಿಗಾದರೂ ಈ ಆಪರೇಷನ್ ಆಗಿದ್ದರೆ, ಮುಂದಿನ ಫಾರ್ವರ್ಡ್ ಕಳುಹಿಸುವ ಬದಲು ಈ ಚೀಟಿಯನ್ನು ಕಳುಹಿಸಿ.